ಬೀಡಿ ಬಿಡಿಸುವ ಕೇಂದ್ರಕ್ಕೆ ಪಾಲಿಕೆ, ಪಂಚಾಯಿತಿಯಿಂದ ಹಣ ಪಡೆಯುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಹಳೇ ಭಾಗದಲ್ಲಿ ನಮ್ಮದೊಂದು ನಾಗರಿಕರ ಸಂಘವಿದೆ. ಸುತ್ತಮುತ್ತ ಮಂಡಕ್ಕಿ ಭಟ್ಟಿ ಕೆಲಸದವರು, ಎಪಿಎಂಸಿ ಹಮಾಲರು, ಪೌರಕಾರ್ಮಿಕರೇ ಹೆಚ್ಚು. ಬೀಡಿ ಬಿಡಬೇಕು ಅನ್ನುವವರು ಬಹಳ ಜನ ಇದ್ದಾರೆ, ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲ. ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್‌ಗಳೇ ದುಡ್ಡು ಹಾಕಿ ಧೂಮಪಾನ ಬಿಡಿಸುವ ಕೇಂದ್ರ ನಡೆಸುತ್ತವಂತೆ. ನಮ್ಮ ಪಾಲಿಕೆ ಹಾಗೆ ಮಾಡಬಹುದೇ? ಸಂಘದ ಕೆಲವರ ಊರು ಹೊಳಲ್ಕೆರೆ ತಾಲ್ಲೂಕಿನಲ್ಲಿದೆ, ಅಲ್ಲಿನ ಗ್ರಾಮ ಪಂಚಾಯಿತಿಯನ್ನು ಕೇಳಬಹುದೇ? ಯಾರನ್ನು ಕೇಳಬೇಕು, ಎಷ್ಟು ಕೇಳಬೇಕು?

ಉತ್ತರ: ಮಾಡಬಹುದು. ಸಂವಿಧಾನದ 12ನೇ ಅನುಸೂಚಿ ಸಾರ್ವಜನಿಕ ಆರೋಗ್ಯವನ್ನು ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಗೆ ಸೇರಿಸಿದೆ. 11ನೇ ಅನುಸೂಚಿ ಆರೋಗ್ಯ ಮತ್ತು ನೈರ್ಮಲ್ಯವನ್ನು ಪಂಚಾಯಿತಿಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಕಾನೂನಿನ ಅಡ್ಡಿ ಇಲ್ಲ. ತೊಡಕಿರುವುದು ಹಣದ ಸ್ವಭಾವದಲ್ಲಿ. ಪಾಲಿಕೆಯ ಕೈಯಲ್ಲಿರುವ ಒಂದೊಂದು ಅನುದಾನಕ್ಕೂ ಒಂದೊಂದು ಕಟ್ಟುಪಾಡು ಇದೆ. ಯಾವ ಹಣ ಯಾವ ಖರ್ಚಿಗೆ ಬರುತ್ತದೆ ಎಂದು ತಿಳಿಯದೆ "ಒಂದು ಕೇಂದ್ರ ಮಾಡಿಕೊಡಿ" ಎಂದು ಬರೆದ ಮನವಿ "ಇದು ಆರೋಗ್ಯ ಇಲಾಖೆಗೆ ಸಂಬಂಧಿಸಿದ ವಿಷಯ" ಎಂಬ ಷರಾದೊಂದಿಗೆ ವಾಪಸ್ ಬರುತ್ತದೆ. ಹೆಚ್ಚಿನ ಮನವಿಗಳು ಅಲ್ಲೇ ಸಾಯುತ್ತವೆ.

ಮೊದಲು ಇಂಗ್ಲೆಂಡಿನ ಮಾತು ಮುಗಿಸೋಣ. ಅಲ್ಲಿ 2013ರ ಏಪ್ರಿಲ್‌ನಿಂದ ಸಾರ್ವಜನಿಕ ಆರೋಗ್ಯದ ಹೊಣೆ ಕೌನ್ಸಿಲ್‌ಗಳದು. ಅದಕ್ಕೆ ಕೇಂದ್ರ ಸರ್ಕಾರ ಬೇರೆ ಕೆಲಸಕ್ಕೆ ಬಳಸುವಂತಿಲ್ಲದ ಪ್ರತ್ಯೇಕ ಅನುದಾನ ಕೊಡುತ್ತದೆ. ಅಂದರೆ ಕೇಂದ್ರ ನಡೆಸುವುದು ಕೌನ್ಸಿಲ್, ದುಡ್ಡಿನ ಬಹುಪಾಲು ಮೇಲಿನಿಂದ ಬರುವುದು. 2024-25ರಿಂದ ಐದು ವರ್ಷ, ವರ್ಷಕ್ಕೆ 7 ಕೋಟಿ ಪೌಂಡ್ ಹೆಚ್ಚುವರಿಯಾಗಿ ಕೊಡಲು ಅಲ್ಲಿನ ಸರ್ಕಾರ ನಿರ್ಧರಿಸಿತು. ಯಾವ ಊರಲ್ಲಿ ಸೇದುವವರು ಹೆಚ್ಚೋ ಅಲ್ಲಿಗೆ ಹೆಚ್ಚು ಪಾಲು. ಹೊಸ ಹಣ ಬಂತೆಂದು ಹಳೆಯ ಖರ್ಚು ಕಡಿತ ಮಾಡುವಂತಿಲ್ಲ ಎಂಬ ಷರತ್ತೂ ಇದೆ. ನಾವು ಕಲಿಯಬೇಕಾದದ್ದು ಮೊತ್ತವನ್ನಲ್ಲ, ಈ ಎರಡು ಷರತ್ತುಗಳನ್ನು: ಹಣಕ್ಕೆ ಒಂದು ಹೆಸರಿರಬೇಕು, ಹಳೆಯದನ್ನು ಕಿತ್ತು ಹೊಸದಕ್ಕೆ ಹಾಕಬಾರದು. ಅಲ್ಲಿ ಸಿಗರೇಟಿನ ಬದಲಿಗೆ ಇ-ಸಿಗರೇಟು ಹಂಚುವ ಕಾರ್ಯಕ್ರಮವನ್ನೂ 2023ರಲ್ಲಿ ಘೋಷಿಸಿದ್ದರು. ನಮ್ಮಲ್ಲಿ 2019ರ ಕಾಯ್ದೆಯಿಂದ ಇ-ಸಿಗರೇಟು ಪೂರ್ತಿ ನಿಷೇಧವಾಗಿದೆ. ಅದನ್ನು ಮನವಿಯಲ್ಲಿ ಎತ್ತಲೇಬೇಡಿ.

ಈಗ ಇರುವ ಹಣ ಎಲ್ಲಿದೆ

ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 2007-08ರಲ್ಲಿ. ಈಗ ಅದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಭಾಗ, ಕೇಂದ್ರ 60 ರಾಜ್ಯ 40ರ ಪಾಲು. ಜಿಲ್ಲೆಗೊಂದು ತಂಬಾಕು ನಿಯಂತ್ರಣ ಕೋಶ, ಅದರಲ್ಲಿ ಸಲಹೆಗಾರರು, ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು ಇರಬೇಕು ಎಂಬುದು ವ್ಯವಸ್ಥೆ. ಹಣ ಬಂದು ಸೇರುವುದು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಘದ ಖಾತೆಗೆ. ಬಾಬ್ತುಗಳು ಬೇರೆ ಬೇರೆ: ತರಬೇತಿ, ಪ್ರಚಾರ, ಶಾಲಾ ಕಾರ್ಯಕ್ರಮ, ದಾಳಿಯ ವಾಹನ ವೆಚ್ಚ, ಮತ್ತು ವ್ಯಸನ ಮುಕ್ತ ಕೇಂದ್ರಕ್ಕೆ ಔಷಧ ಮತ್ತು ಸಾಮಗ್ರಿ. ನಿಮಗೆ ಬೇಕಾದದ್ದು ಈ ಕೊನೆಯ ಬಾಬ್ತು.

ಸಾಮಾನ್ಯವಾಗಿ ಮುರಿದು ಬೀಳುವುದೂ ಅದೇ. ಬಿಡುಗಡೆ ತಡವಾದರೆ ಖರ್ಚಿಗೆ ಉಳಿಯುವುದು ಜನವರಿ, ಫೆಬ್ರವರಿ, ಮಾರ್ಚ್. ಆ ಮೂರು ತಿಂಗಳಲ್ಲಿ ಸುಲಭವಾಗಿ ಬಿಲ್ ಆಗುವುದು ಫ್ಲೆಕ್ಸು, ಗೋಡೆ ಬರಹ, ಜಾಥಾ. ಬೀಡಿಯ ಬಯಕೆ ಇಳಿಸಲು ಬಾಯಲ್ಲಿಟ್ಟು ಜಗಿಯುವ ನಿಕೋಟಿನ್ ಗಮ್ ಖರೀದಿಗೆ ಕೊಟೇಶನ್ ಬೇಕು, ವೈದ್ಯರ ಇಂಡೆಂಟ್ (ಬೇಡಿಕೆ ಪತ್ರ) ಬೇಕು, ದಾಸ್ತಾನು ಪುಸ್ತಕ ಬೇಕು. ಅವಸರದಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಮೇ 31ರ ವಿಶ್ವ ತಂಬಾಕು ರಹಿತ ದಿನಕ್ಕೆ ಮೆರವಣಿಗೆ ಆಗುತ್ತದೆ. ಜೂನ್ 1ಕ್ಕೆ ಬೀಡಿ ಬಿಟ್ಟವನಿಗೆ ಜೂನ್ 3ರಂದು ಕೈ ನಡುಗುವಾಗ ಫೋನ್ ಮಾಡಿ ಮಾತಾಡಿಸುವವರು ಇರುವುದಿಲ್ಲ. ಬ್ಯಾನರ್ ನೋಡಿ ಬೀಡಿ ಬಿಡುವವರು ತೀರಾ ಕಡಿಮೆ. ಮೊದಲ ವಾರ ಕೈ ಹಿಡಿದರೆ ಬಿಡುವವರು ಬಹಳ.

ಪಾಲಿಕೆಯ ಕಡೆ ನೋಡಿದರೆ ನಾಲ್ಕು ಕಿಸೆಗಳಿವೆ.

ಒಂದು, ಹಣಕಾಸು ಆಯೋಗದ ಅನುದಾನ. 15ನೇ ಆಯೋಗದ 2021-26ರ ಅವಧಿಯಲ್ಲಿ ಸ್ಥಳೀಯ ಸಂಸ್ಥೆಗಳ ಮೂಲಕ ಪ್ರಾಥಮಿಕ ಆರೋಗ್ಯಕ್ಕೆಂದೇ 70,051 ಕೋಟಿ ರೂಪಾಯಿ ಇಟ್ಟಿದ್ದರು. ಆದರೆ ಅದು ಕಟ್ಟಡ, ಪ್ರಯೋಗಾಲಯ, ನಗರ ಆರೋಗ್ಯ ಕೇಂದ್ರಗಳಿಗೆ ಮೀಸಲಾಗಿತ್ತು. ಸಾಮಾನ್ಯ ಅನುದಾನದಲ್ಲೂ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಉಳಿದ ಶೇ 40 ಮುಕ್ತ ನಿಧಿಯಾದರೂ ಸಂಬಳಕ್ಕೆ, ಆಡಳಿತ ವೆಚ್ಚಕ್ಕೆ ಬರುತ್ತಿರಲಿಲ್ಲ. ಹೀಗಾಗಿ ಈ ಹಣದಿಂದ ಸಮಾಲೋಚಕರನ್ನು ನೇಮಿಸಿ ಎಂದು ಕೇಳಿದರೆ ಲೆಕ್ಕಾಧಿಕಾರಿ ಒಪ್ಪುವುದಿಲ್ಲ, ಒಪ್ಪಲೂಬಾರದು. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಮನವಿ ಬರೆಯುವ ಮುನ್ನ ಅದರ ಮಾರ್ಗಸೂಚಿಯ ಪ್ರತಿಯನ್ನು ಪಾಲಿಕೆಯ ಲೆಕ್ಕ ಶಾಖೆಯಿಂದಲೇ ಕೇಳಿ ಪಡೆಯಿರಿ.

ಎರಡು, ಪಾಲಿಕೆಯ ಸ್ವಂತ ಆದಾಯ: ಆಸ್ತಿ ತೆರಿಗೆ, ಉದ್ದಿಮೆ ಪರವಾನಗಿ ಶುಲ್ಕ, ಬಾಡಿಗೆ. ಇದೇ ಅತ್ಯಂತ ಸಡಿಲವಾದ ಹಣ, ಕೇಳಬೇಕಾದದ್ದೂ ಇದನ್ನೇ. ಆಸ್ತಿ ತೆರಿಗೆ ರಸೀದಿಯಲ್ಲಿ ಶೇ 15 ಆರೋಗ್ಯ ಕರ ಎಂದು ಕಾಣುತ್ತದಲ್ಲ, ಅದನ್ನೇ ಕೊಡಿ ಎಂದು ಹಲವರು ವಾದಿಸುತ್ತಾರೆ. ಅದು ಪಾಲಿಕೆ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ಹಣ, ಪಾಲಿಕೆಯದಲ್ಲ. ಆ ವಾದ ಸಭೆಯಲ್ಲಿ ನಿಮ್ಮನ್ನೇ ದುರ್ಬಲ ಮಾಡುತ್ತದೆ.

ಮೂರು, ಮೀಸಲು ನಿಧಿಗಳು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ವೈಯಕ್ತಿಕ ವೈದ್ಯಕೀಯ ನೆರವಿಗೆ ಈ ನಿಧಿ ಬಳಸುವ ರೂಢಿ ಮೊದಲಿನಿಂದಲೂ ಇದೆ. ಆಯಾ ಫಲಾನುಭವಿಗಳ ಔಷಧದ ಖರ್ಚನ್ನು ಇದರ ಕ್ರಿಯಾ ಯೋಜನೆಗೆ ಸೇರಿಸಲು ಕೇಳಬಹುದು.

ನಾಲ್ಕನೆಯದು ಪೌರಕಾರ್ಮಿಕರ ಆರೋಗ್ಯ ತಪಾಸಣೆಯ ಬಾಬ್ತು. ಇದನ್ನು ಬಹಳ ಜನ ಮರೆಯುತ್ತಾರೆ. ಪೌರಕಾರ್ಮಿಕರು ಪಾಲಿಕೆಯದೇ ಜನ. ಅವರ ಆರೋಗ್ಯಕ್ಕೆ ಖರ್ಚು ಮಾಡಲು ಪಾಲಿಕೆ ಯಾರ ಅನುಮತಿಗೂ ಕಾಯಬೇಕಿಲ್ಲ. ತಪಾಸಣೆ ಶಿಬಿರದಲ್ಲಿ ಬಿಪಿ, ಶುಗರ್ ನೋಡಿ ಕಳಿಸುವ ಬದಲು ಪಕ್ಕದಲ್ಲೇ ಒಂದು ಮೇಜು ಹಾಕಿ ಬೀಡಿ, ಕಡ್ಡಿಪುಡಿ, ಗುಟ್ಕಾ ಬಗ್ಗೆ ಕೇಳಿ, ಬಿಡುವ ಮನಸ್ಸಿದ್ದವರ ಹೆಸರು, ಫೋನ್ ನಂಬರ್ ಬರೆದುಕೊಂಡರೆ ಸೇವೆ ಅಲ್ಲಿಂದಲೇ ಶುರು. ಇಡೀ ಊರಿಗೆ ಕೇಂದ್ರ ಕೇಳುವ ಮೊದಲು ಇದನ್ನು ಕೇಳಿ. ದಕ್ಕುವ ಸಾಧ್ಯತೆ ಇದಕ್ಕೇ ಹೆಚ್ಚು, ಮುಂದಿನ ವರ್ಷ ದೊಡ್ಡದನ್ನು ಕೇಳಲು ಕೈಯಲ್ಲಿ ಲೆಕ್ಕವೂ ಇರುತ್ತದೆ.

ದಂಡದ ಹಣದ ಮೇಲೆ ಕೇಂದ್ರ ನಡೆಸೋಣ ಎಂಬ ಸಲಹೆಯೂ ಬರುತ್ತದೆ. ತಂಬಾಕು ನಿಯಂತ್ರಣ ಕಾನೂನಿಗೆ ರಾಜ್ಯ ತಂದ 2024ರ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂಪಾಯಿವರೆಗೆ ಏರಿದೆ, ತಂಬಾಕು ಕೊಳ್ಳುವವರ ಕನಿಷ್ಠ ವಯಸ್ಸು 21 ಆಗಿದೆ. ಆದರೆ ಕಾನೂನು ಚೆನ್ನಾಗಿ ಜಾರಿಯಾದಷ್ಟೂ ದಂಡ ಕಡಿಮೆಯಾಗಬೇಕು. ಕಡಿಮೆಯಾಗಲೆಂದು ಹಾರೈಸುವ ಆದಾಯದ ಮೇಲೆ ಸೇವೆ ಕಟ್ಟಬಾರದು.

ಎಷ್ಟು ಜನ, ಎಷ್ಟು ಹಣ

ವಯಸ್ಕರ ತಂಬಾಕು ಬಳಕೆಯ 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ 22.8 ವಯಸ್ಕರು ತಂಬಾಕು ಬಳಸುತ್ತಾರೆ. ಸೇದುವವರು ಶೇ 8.8, ಜಗಿಯುವವರು ಶೇ 16.3, ಎರಡೂ ಮಾಡುವವರು ಎರಡೂ ಲೆಕ್ಕದಲ್ಲಿ ಬರುತ್ತಾರೆ. ಒಂದು ವಾರ್ಡಿನಲ್ಲಿ 6,500 ವಯಸ್ಕರಿದ್ದಾರೆ ಎಂದಿಟ್ಟುಕೊಂಡರೆ, ರಾಜ್ಯದ ಸರಾಸರಿಯಂತೆ ಸುಮಾರು 1,480 ಬಳಕೆದಾರರು, ಅವರಲ್ಲಿ ಸೇದುವವರು ಸುಮಾರು 570. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ನೀವು ಕೇಳಿರುವುದು ಬೀಡಿ, ಸಿಗರೇಟಿನ ಬಗ್ಗೆ. ಆದರೆ ನಮ್ಮ ಸೀಮೆಯಲ್ಲಿ ಕೇಂದ್ರದ ಬೋರ್ಡಿನ ಮೇಲೆ "ಧೂಮಪಾನ" ಎಂದಷ್ಟೇ ಬರೆದರೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಹೆಂಗಸರು, ಕಡ್ಡಿಪುಡಿಯ ಹಮಾಲರು ಇದು ನಮಗಲ್ಲ ಎಂದು ಮುಂದೆ ಹೋಗುತ್ತಾರೆ. "ತಂಬಾಕು ಬಿಡಿಸುವ ಸೇವೆ" ಎಂದೇ ಬರೆಸಿ.

ಸರಾಸರಿಗಿಂತ ನಂಬಬಹುದಾದ ಲೆಕ್ಕ ನಿಮ್ಮ ಆಶಾ ಕಾರ್ಯಕರ್ತೆಯರ ಬಳಿ ಇದೆ. 30 ದಾಟಿದವರಿಗೆಲ್ಲ ಅವರು ಸಿಬ್ಯಾಕ್ ಎಂಬ ಫಾರಂ ತುಂಬುತ್ತಾರೆ. ಅದರಲ್ಲಿ ತಂಬಾಕಿನ ಪ್ರಶ್ನೆ ಇದೆ: ಎಂದೂ ಇಲ್ಲ ಎಂದರೆ 0, ಹಿಂದೆ ಇತ್ತು ಅಥವಾ ಆಗಾಗ ಎಂದರೆ 1, ದಿನವೂ ಎಂದರೆ 2 ಅಂಕ. ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಂದ ಹೆಸರುಗಳಿಲ್ಲದೆ ಬರೀ ಸಂಖ್ಯೆ ಪಡೆಯಿರಿ: ನಮ್ಮ ವಾರ್ಡಿನಲ್ಲಿ 2 ಅಂಕದವರು ಎಷ್ಟು. 30ರೊಳಗಿನವರು ಇದರಲ್ಲಿ ಬರುವುದಿಲ್ಲ ಎಂಬುದು ನೆನಪಿರಲಿ.

ಮೊದಲ ವರ್ಷ 200 ಜನರಿಗೆ ಎಂದು ಯೋಜನೆ ಹಾಕಿ, ಅದಕ್ಕಿಂತ ಹೆಚ್ಚು ಬೇಡ. ಖರ್ಚಿನ ದೊಡ್ಡ ಭಾಗ ನಿಕೋಟಿನ್ ಗಮ್. ಪೂರ್ತಿ ಕೋರ್ಸ್ 12 ವಾರ. ಮೊದಲ 6 ವಾರ ದಿನಕ್ಕೆ 10ರಂತೆ 420, ಮುಂದಿನ 3 ವಾರ 5ರಂತೆ 105, ಕೊನೆಯ 3 ವಾರ 3ರಂತೆ 63. ಒಬ್ಬರಿಗೆ 588 ಗಮ್. 200ರಲ್ಲಿ 100 ಜನರಿಗೆ ಗಮ್ ಬೇಕಾಗಬಹುದು, ಅವರಲ್ಲಿ ಅರ್ಧ ಜನ ಎರಡು ವಾರದ ಮೇಲೆ ನಿಲ್ಲಿಸಬಹುದು ಎಂದು ಊಹಿಸಿ ಲೆಕ್ಕ ಹಾಕಿ. ಮೊದಲ ಎರಡು ವಾರಕ್ಕೆ 100 ಜನಕ್ಕೆ 14,000. ಉಳಿದ 50 ಜನ ಕೋರ್ಸ್ ಮುಗಿಸಲು ತಲಾ 448ರಂತೆ 22,400. ಒಟ್ಟು 36,400 ಗಮ್. ಒಂದಕ್ಕೆ 10 ರೂಪಾಯಿ ಹಿಡಿದರೆ 3,64,000 ರೂಪಾಯಿ. ನಿಮಗೆ ಸಿಕ್ಕ ಕೊಟೇಶನ್ ದರ ಹಾಕಿ ಇದೇ ಗುಣಾಕಾರ ಮಾಡಿ. ಲೆಕ್ಕದ ಈ ಹಾಳೆಯನ್ನು ಮನವಿಗೆ ಲಗತ್ತಿಸಿ. ಬರೀ ಮೊತ್ತ ಬರೆದ ಮನವಿಗೂ ಗುಣಾಕಾರ ತೋರಿಸಿದ ಮನವಿಗೂ ಸಭೆಯಲ್ಲಿ ಸಿಗುವ ಮರ್ಯಾದೆ ಬೇರೆ.

ಇದರ ಮೇಲೆ ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಮೀಟರ್ ಎರಡು, ಬಳಸಿ ಬಿಸಾಡುವ ಬಾಯಿನಳಿಕೆ ಸಾವಿರ, ಒಂದು ಮೊಬೈಲ್ ಮತ್ತು ಸಿಮ್, ಮುದ್ರಿತ ರಿಜಿಸ್ಟರ್, ಸಂಜೆ ಹೊತ್ತಿನ ಸಿಬ್ಬಂದಿಗೆ ಗೌರವಧನ. ಮೀಟರ್‌ಗೆ ಆಗಾಗ ಕ್ಯಾಲಿಬ್ರೇಶನ್ ಬೇಕು. ಅದರ ವಾರ್ಷಿಕ ನಿರ್ವಹಣೆಯನ್ನು ಖರೀದಿ ಆದೇಶದಲ್ಲೇ ಸೇರಿಸಿ. ಇಲ್ಲದಿದ್ದರೆ ಎರಡನೇ ವರ್ಷ ಅದು ಬೀರುವಿನಲ್ಲಿ ಕೂರುತ್ತದೆ.

ಹುದ್ದೆ ಮಾತ್ರ ಕೇಳಬೇಡಿ. ಪಾಲಿಕೆ ಹೊಸ ಹುದ್ದೆ ಸೃಷ್ಟಿಸಲು ಸರ್ಕಾರದ ಮಂಜೂರಾತಿ ಬೇಕು, ಕಡತ ಬೆಂಗಳೂರಿಗೆ ಹೋದರೆ ವರ್ಷಗಟ್ಟಲೆ ಹಿಡಿಯಬಹುದು. ಬದಲಿಗೆ ಇರುವವರ ಸಮಯ ಕೇಳಿ: ಜಿಲ್ಲಾ ತಂಬಾಕು ನಿಯಂತ್ರಣ ಕೋಶದ ಸಮಾಲೋಚಕರು, ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ರೋಗಗಳ) ಕ್ಲಿನಿಕ್ಕಿನ ಸಮಾಲೋಚಕರು ವಾರಕ್ಕೆ ಎರಡು ಸಂಜೆ ನಿಮ್ಮ ಬಡಾವಣೆಯ ಸರ್ಕಾರಿ ‘ನಮ್ಮ ಕ್ಲಿನಿಕ್’ ಅಥವಾ ನಗರ ಆರೋಗ್ಯ ಕೇಂದ್ರದಲ್ಲಿ ಕೂರಲಿ. ವ್ಯಕ್ತಿ ಆರೋಗ್ಯ ಇಲಾಖೆಯವರು, ಔಷಧ ಮತ್ತು ಫೋನ್ ಪಾಲಿಕೆಯದು. ಈ ಹಂಚಿಕೆ ಒಪ್ಪಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಹೊತ್ತು ಸಂಜೆಯದ್ದೇ ಇರಲಿ. ಹಮಾಲರು ಬೆಳಿಗ್ಗೆ 11ಕ್ಕೆ ಕೂಲಿ ಬಿಟ್ಟು ಕ್ಲಿನಿಕ್ಕಿಗೆ ಬರುವುದಿಲ್ಲ.

ಔಷಧ ಕೊಟ್ಟರೆ ಸಾಲದು, ತಿನ್ನುವುದು ಕಲಿಸಬೇಕು

ಹಣ ಹಾಳಾಗುವ ಇನ್ನೊಂದು ಜಾಗ ಇದು. ನಿಕೋಟಿನ್ ಗಮ್ಮನ್ನು ಚೂಯಿಂಗ್ ಗಮ್ ಥರ ಜಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಎದೆ ಉರಿ, ವಾಕರಿಕೆ ಬರುತ್ತದೆ, ಬಯಕೆ ಮಾತ್ರ ಇಳಿಯುವುದಿಲ್ಲ. "ಈ ಗಮ್ ನನಗೆ ಆಗಲ್ಲ" ಎಂದು ಎರಡನೇ ದಿನಕ್ಕೇ ಬಿಡುವವರಲ್ಲಿ ಹೆಚ್ಚಿನವರ ತೊಂದರೆ ಇದೇ. ಸರಿಯಾದ ಕ್ರಮ: ಮೆಲ್ಲಗೆ ಜಗಿಯಿರಿ, ಮೆಣಸಿನ ಖಾರದಂಥ ಚುರುಕು ಬಂದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಿ. ಚುರುಕು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಇನ್ನೊಂದು ಕಡೆ ಇಡಿ. ಒಂದು ಗಮ್ ಸುಮಾರು ಅರ್ಧ ಗಂಟೆ. ಬಾಯಲ್ಲಿ ಗಮ್ ಇರುವಾಗ ಮತ್ತು ಅದಕ್ಕೆ ಕಾಲು ಗಂಟೆ ಮೊದಲು ಟೀ, ಕಾಫಿ, ನಿಂಬೆ ಶರಬತ್ತು, ಸೋಡಾ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಒಸಡಿನಿಂದ ಒಳಗೆ ಇಳಿಯುವುದಿಲ್ಲ. ನಮ್ಮಲ್ಲಿ ಟೀ ಮತ್ತು ಬೀಡಿ ಜೋಡಿ, ಹಾಗಾಗಿ ಟೀ ಕುಡಿಯುತ್ತಲೇ ಗಮ್ ಹಾಕುತ್ತಾರೆ, ಅದು ದಂಡ.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ 4 ಮಿಲಿಗ್ರಾಂ, ಅದಕ್ಕಿಂತ ತಡವಾಗಿ ಹಚ್ಚುವವರಿಗೆ 2 ಮಿಲಿಗ್ರಾಂ. 2 ಮಿಲಿಗ್ರಾಂ ಗಮ್ ಚೀಟಿಯಿಲ್ಲದೆ ಸಿಗುತ್ತದೆ, 4ಕ್ಕೆ ವೈದ್ಯರ ಚೀಟಿ ಬೇಕು. ದಿನಕ್ಕೆ 24 ಮೀರಬಾರದು. ಇತ್ತೀಚೆಗೆ ಹೃದಯಾಘಾತ ಆದವರು, ಎದೆಬಡಿತದ ಏರುಪೇರಿರುವವರು, ಬಸುರಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳುವಂತಿಲ್ಲ. ಹಲ್ಲು ಕಟ್ಟಿಸಿದವರಿಗೆ, ದವಡೆ ಕೀಲಿನ ನೋವಿನವರಿಗೆ ಗಮ್ ಒಗ್ಗುವುದಿಲ್ಲ, ಅವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಬೇಕು. ಬುಪ್ರೋಪಿಯಾನ್, ವರೆನಿಕ್ಲಿನ್ ಮಾತ್ರೆಗಳೂ ಇವೆ. ಅವು ಪೂರ್ತಿ ವೈದ್ಯರ ಕೈಯಲ್ಲಿರಬೇಕು, ಅದರಲ್ಲೂ ಬುಪ್ರೋಪಿಯಾನ್ ಫಿಟ್ಸ್ ಇರುವವರಿಗೆ ಕೂಡದು. ದೇಶದ ಅಗತ್ಯ ಔಷಧಗಳ 2022ರ ಪಟ್ಟಿಯಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆ ಸೇರಿದೆ. "ಇದು ಔಷಧವೇ ಅಲ್ಲ, ಚಾಕೊಲೇಟ್ ಥರದ್ದು" ಎಂದು ಯಾರಾದರೂ ಅಡ್ಡ ಹೇಳಿದರೆ ಆ ಪಟ್ಟಿಯ ಪ್ರತಿ ತೋರಿಸಿ.

ಒಬ್ಬರಿಗೆ ಒಂದೇ ಸಲ ತಿಂಗಳ ಗಮ್ ಕೊಡಬಾರದು. ವಾರಕ್ಕೆ 70ರಂತೆ ಕೊಟ್ಟು, ಖಾಲಿ ಹಾಳೆ ವಾಪಸ್ ತಂದರೆ ಮುಂದಿನದು. ಇದು ಅಪನಂಬಿಕೆಗಲ್ಲ, ವಾರಕ್ಕೊಮ್ಮೆ ಮುಖ ನೋಡಿ ಮಾತಾಡಲು ಒಂದು ನೆಪ. ಖರೀದಿಯೂ ಮೂರು ತಿಂಗಳಿಗೊಮ್ಮೆ ಆಗಲಿ. ವರ್ಷದ್ದೆಲ್ಲ ಒಮ್ಮೆಗೇ ತಂದರೆ ಬೇಸಿಗೆಯಲ್ಲಿ ಕೆಡುತ್ತದೆ, ಅವಧಿ ಮುಗಿದ ದಾಸ್ತಾನಿನ ಮೇಲೆ ಆಡಿಟ್ ಆಕ್ಷೇಪಣೆ ಬರುತ್ತದೆ. ಆ ಒಂದು ಆಕ್ಷೇಪಣೆ ಮುಂದಿನ ವರ್ಷದ ಅನುದಾನವನ್ನೇ ನುಂಗುತ್ತದೆ.

ಮೀಟರಿನ ಬಗ್ಗೆಯೂ ನಿಮ್ಮ ಬಡಾವಣೆಗೆ ಸಂಬಂಧಪಟ್ಟ ಮುಖ್ಯ ಮಾತಿದೆ. ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ 10 ಪಿಪಿಎಂಗಿಂತ ಕಡಿಮೆ ಇದ್ದರೆ ಸೇದುತ್ತಿಲ್ಲ ಎಂದು ಲೆಕ್ಕ. ಆದರೆ ಮಂಡಕ್ಕಿ ಭಟ್ಟಿಯ ಮುಂದೆ ಹೊಗೆಯಲ್ಲಿ ನಿಂತವರಿಗೆ ಬೀಡಿ ಮುಟ್ಟದಿದ್ದರೂ ಈ ಅಂಕಿ ಏರಿರಬಹುದು. ಬಿಟ್ಟವನನ್ನು ಸುಳ್ಳುಗಾರ ಎಂದು ಮೀಟರ್ ಹೇಳಿಬಿಟ್ಟರೆ ಅವನು ಮತ್ತೆ ಬರುವುದಿಲ್ಲ. ರಕ್ತದಲ್ಲಿ ಸೇರಿದ ಆ ಅನಿಲ ನಾಲ್ಕೈದು ಗಂಟೆಗೆ ಅರ್ಧ ಇಳಿಯುತ್ತದೆ. ಆದ್ದರಿಂದ ಭಟ್ಟಿಯವರ ಪರೀಕ್ಷೆ ಕೆಲಸಕ್ಕೆ ಇಳಿಯುವ ಮುನ್ನ ಅಥವಾ ರಜೆಯ ದಿನ ಮಾಡಬೇಕು. ಜಗಿಯುವವರಿಗೆ ಈ ಮೀಟರ್ ಏನನ್ನೂ ಹೇಳುವುದಿಲ್ಲ. ಅವರಿಗೆ ಮೂತ್ರದ ಕೋಟಿನಿನ್ (ನಿಕೋಟಿನ್ ದೇಹದಲ್ಲಿ ಕರಗಿ ಆಗುವ ವಸ್ತು) ಪರೀಕ್ಷೆ ಇದೆಯಾದರೂ ಗಮ್ ತಿನ್ನುತ್ತಿರುವಷ್ಟು ದಿನ ಅದೂ ಪಾಸಿಟಿವ್ ಬರುತ್ತದೆ. ಅಂಥವರ ಮಾತನ್ನೇ ನಂಬಿ, ಮನೆಯವರಲ್ಲಿ ವಿಚಾರಿಸಿ ಬರೆದುಕೊಳ್ಳುವುದು ಒಳ್ಳೆಯದು.

ಮನವಿ ಯಾವಾಗ, ಹೇಗೆ

ಪಾಲಿಕೆ ಬಜೆಟ್ಟಿನ ಪೂರ್ವಭಾವಿ ಸಭೆಗಳು ಚಳಿಗಾಲದಲ್ಲಿ ನಡೆಯುತ್ತವೆ. ನಿಮ್ಮ ಕಾಗದ ನವೆಂಬರಿನೊಳಗೆ ಒಳಗೆ ಹೋಗಿರಬೇಕು. ಒಂದು ಪ್ರತಿ ಆಯುಕ್ತರಿಗೆ, ಒಂದು ಪಾಲಿಕೆಯ ಆರೋಗ್ಯಾಧಿಕಾರಿಗೆ, ಒಂದು ಸಾರ್ವಜನಿಕ ಆರೋಗ್ಯದ ಸ್ಥಾಯಿ ಸಮಿತಿ ಅಧ್ಯಕ್ಷರಿಗೆ, ಒಂದು ನಿಮ್ಮ ವಾರ್ಡಿನ ಸದಸ್ಯರಿಗೆ. ಚುನಾಯಿತ ಮಂಡಳಿ ಇಲ್ಲದ ಹೊತ್ತಾದರೆ ಆಡಳಿತಾಧಿಕಾರಿಗೆ. ಟಪಾಲು ವಿಭಾಗದಲ್ಲಿ ಸೀಲು, ದಿನಾಂಕ ಹಾಕಿಸಿಕೊಂಡ ಪ್ರತಿ ನಿಮ್ಮಲ್ಲಿರಲಿ.

ಮನವಿಯ ಮುಖ್ಯ ಸಾಲು ಹೀಗಿರಲಿ: "2026-27ನೇ ಸಾಲಿನ ಆಯವ್ಯಯದಲ್ಲಿ, ಸ್ವಂತ ಸಂಪನ್ಮೂಲದಿಂದ, ‘ತಂಬಾಕು ಬಿಡಿಸುವ ಸೇವೆ: ಔಷಧ ಮತ್ತು ಅನುಸರಣೆ’ ಎಂಬ ಪ್ರತ್ಯೇಕ ಲೆಕ್ಕ ಶೀರ್ಷಿಕೆಯಡಿ ಲಗತ್ತಿಸಿರುವ ಅಂದಾಜಿನಂತೆ ಹಣ ಕಾಯ್ದಿರಿಸಲು ಮತ್ತು ಸದರಿ ಹಣವನ್ನು ಪ್ರಚಾರ, ಮುದ್ರಣ, ಸಮಾರಂಭಗಳಿಗೆ ಬಳಸದಂತೆ ಷರತ್ತು ವಿಧಿಸಲು ಕೋರುತ್ತೇವೆ." ವರ್ಷ ಬದಲಾದರೆ ಸಾಲು ಬದಲಿಸಿಕೊಳ್ಳಿ, ಆದರೆ ‘ಪ್ರತ್ಯೇಕ ಲೆಕ್ಕ ಶೀರ್ಷಿಕೆ’ ಎಂಬುದನ್ನು ಯಾರು ಏನೇ ಹೇಳಿದರೂ ಬಿಟ್ಟುಕೊಡಬೇಡಿ. "ಆರೋಗ್ಯ ಜಾಗೃತಿ ಬಾಬ್ತಿನಲ್ಲೇ ಸೇರಿಸಿಕೊಳ್ಳೋಣ" ಎಂದು ಒಪ್ಪಿಕೊಂಡರೆ ಹಣ ಮತ್ತೆ ಫ್ಲೆಕ್ಸಿಗೇ ಹೋಗುತ್ತದೆ.

ಮನವಿಗೆ ಬಲ ಬೇಕೆಂದರೆ ಮೊದಲು ಮಾಹಿತಿ ಹಕ್ಕಿನಲ್ಲಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ ಕಚೇರಿಗೆ ಒಂದು ಅರ್ಜಿ ಹಾಕಿ. ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕೇಳಬೇಕಾದದ್ದು ಇಷ್ಟೇ: ಕಳೆದ ಎರಡು ಸಾಲುಗಳಲ್ಲಿ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲೆಗೆ ಬಾಬ್ತುವಾರು ಮಂಜೂರಾದ, ಬಿಡುಗಡೆಯಾದ, ಖರ್ಚಾದ ಮೊತ್ತ, ಮತ್ತು ನಿಕೋಟಿನ್ ಗಮ್, ಪ್ಯಾಚ್ ಖರೀದಿಯ ದಾಸ್ತಾನು ಪುಸ್ತಕದ ಪ್ರತಿ. "ಯಾಕೆ ಖರ್ಚಾಗಿಲ್ಲ" ಎಂದು ಕೇಳಬೇಡಿ, ಯಾಕೆ ಎಂಬ ಪ್ರಶ್ನೆಗೆ ಆ ಕಾಯ್ದೆಯಲ್ಲಿ ಉತ್ತರ ಕೊಡಬೇಕಿಲ್ಲ. ದಾಖಲೆ ಕೇಳಿ. ಬಂದ ಉತ್ತರವನ್ನು ಜಗಳಕ್ಕೆ ಬಳಸದೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ತಂಬಾಕು ನಿಯಂತ್ರಣ ಸಮನ್ವಯ ಸಮಿತಿಯ ಮುಂದೆ ಇಡಿ. ಔಷಧದ ಬಾಬ್ತು ಉಳಿದಿದ್ದರೆ ಅದನ್ನು ಬಳಸಲು ಅಲ್ಲೇ ತೀರ್ಮಾನ ಮಾಡಿಸಬಹುದು, ಆಗ ಪಾಲಿಕೆಯ ಮೇಲಿನ ಹೊರೆಯೂ ಇಳಿಯುತ್ತದೆ.

ಹಣ ಮಂಜೂರಾದ ಮೇಲೆ ಪಾಲಿಕೆ ಗಮ್ಮನ್ನು ತಾನೇ ಹಂಚುವಂತಿಲ್ಲ. ನಗರ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿ ಖಾತೆಗೆ ಹಣ ವರ್ಗಾಯಿಸಿ ಬಳಕೆ ಪ್ರಮಾಣಪತ್ರ ಪಡೆಯುವುದು, ಇಲ್ಲವೇ ಖರೀದಿಸಿ ಕೇಂದ್ರದ ದಾಸ್ತಾನಿಗೆ ಹಸ್ತಾಂತರಿಸುವುದು, ಎರಡರಲ್ಲೊಂದು ದಾರಿ. ಮೊದಲನೆಯದು ಸರಳ. ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯ ನಿಯಮ ಎರಡರಲ್ಲೂ ಅನ್ವಯಿಸುತ್ತದೆ.

ಹೊಳಲ್ಕೆರೆ ಕಡೆಯ ಪಂಚಾಯಿತಿಗೆ

ಗ್ರಾಮ ಪಂಚಾಯಿತಿಗೆ ದೊಡ್ಡ ಮೊತ್ತ ಕೇಳಬೇಡಿ, ಕೇಳುವ ಅಗತ್ಯವೂ ಇಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ಆರೋಗ್ಯ ಅಭಿಯಾನದಿಂದ ಹಳ್ಳಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಇದೆ. ಐದಾರು ಜನರಿಗೆ ಮೊದಲ ಎರಡು ವಾರದ ಗಮ್ ಇದರಲ್ಲೇ ಆಗುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಅಕ್ಟೋಬರ್ 2ರ ನಂತರ ನಡೆಯುವ ಮುಂದಿನ ವರ್ಷದ ಯೋಜನೆಯ ವಾರ್ಡ್ ಸಭೆ, ಗ್ರಾಮ ಸಭೆಗಳಲ್ಲಿ ‘ಆರೋಗ್ಯಕರ ಗ್ರಾಮ’ ಎಂಬ ವಿಷಯದಡಿ ಬೇಡಿಕೆ ಇಡಿ. ಸಭೆಯ ನಡಾವಳಿಯಲ್ಲಿ ಬರೆಸದೆ ಎದ್ದು ಬರಬೇಡಿ. ನಡಾವಳಿಯಲ್ಲಿ ಇಲ್ಲದ್ದು ಯೋಜನೆಯಲ್ಲಿ ಬರುವುದಿಲ್ಲ, ಯೋಜನೆಯಲ್ಲಿ ಇಲ್ಲದ್ದಕ್ಕೆ ಪಿಡಿಒ ಬಿಲ್ ಮಾಡುವಂತಿಲ್ಲ.

ಚಿತ್ರದುರ್ಗ ಜಿಲ್ಲೆಗೆ ಇನ್ನೊಂದು ದಾರಿಯೂ ಇದೆ: ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ. ಗಣಿ ಬಾಧಿತ ಪ್ರದೇಶಗಳಿಗೆ ಮೀಸಲಾದ ಈ ಹಣದಲ್ಲಿ ಆರೋಗ್ಯ ಆದ್ಯತೆಯ ವಲಯ. ಗಣಿ ದೂಳು ಮತ್ತು ಬೀಡಿ ಹೊಗೆ ಸೇರಿದರೆ ಶ್ವಾಸಕೋಶಕ್ಕೆ ಇಮ್ಮಡಿ ಪೆಟ್ಟು, ಕ್ಷಯದ ಅಪಾಯವೂ ಹೆಚ್ಚು. ನಿಮ್ಮ ಹಳ್ಳಿ ಬಾಧಿತ ಪ್ರದೇಶಗಳ ಪಟ್ಟಿಯಲ್ಲಿದ್ದರೆ ಪಂಚಾಯಿತಿ ನಿರ್ಣಯದೊಂದಿಗೆ ಜಿಲ್ಲಾಡಳಿತಕ್ಕೆ ಪ್ರಸ್ತಾವ ಕಳಿಸಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವನ್ನೂ ಕೇಳಬಹುದು, ತಂಬಾಕು ವ್ಯಾಪಾರದ ಕಂಪನಿಗಳದ್ದನ್ನು ಬಿಟ್ಟು. ಅದನ್ನು ಎಷ್ಟೇ ಕೊಟ್ಟರೂ ಮುಟ್ಟಬಾರದು.

ರಿಜಿಸ್ಟರಿನಲ್ಲಿ ಏನಿರಬೇಕು

ಮುಂದಿನ ವರ್ಷದ ಹಣ ನಿಂತಿರುವುದು ಇದರ ಮೇಲೆ. "ಸಮಾಲೋಚನೆ ಪಡೆದವರು 600" ಎಂಬ ಸಂಖ್ಯೆಗೆ ಬೆಲೆ ಇಲ್ಲ. ಶಿಬಿರದಲ್ಲಿ ಎರಡು ನಿಮಿಷ ಮಾತಾಡಿದವರೂ ಅದರಲ್ಲಿ ಸೇರಿರುತ್ತಾರೆ. ಕಲಂಗಳು ಇವಿಷ್ಟು ಸಾಕು: ಏನು ಬಳಸುತ್ತಾರೆ, ಮೊದಲ ಬೀಡಿ ಎಷ್ಟು ಹೊತ್ತಿಗೆ, ಬಿಡುವ ದಿನಾಂಕ, ಕೊಟ್ಟ ಗಮ್, ಬಿಟ್ಟ ಮೂರನೇ ದಿನದ ಫೋನ್, 1, 2, 4, 12, 24ನೇ ವಾರದ ಸ್ಥಿತಿ. ಮೂರನೇ ದಿನದ ಕರೆ ತಪ್ಪಿಸಲೇಬಾರದು, ಬಿಟ್ಟವರು ಹೆಚ್ಚಾಗಿ ಮತ್ತೆ ಹಚ್ಚುವುದು ಮೊದಲ ವಾರದಲ್ಲೇ. ಫೋನ್ ಎತ್ತದವರನ್ನು ಬಿಟ್ಟವರ ಲೆಕ್ಕಕ್ಕೆ ಹಾಕಬಾರದು, ಮತ್ತೆ ಶುರು ಮಾಡಿದ್ದಾರೆ ಎಂದೇ ಬರೆಯಬೇಕು. ಹಾಗೆ ಮಾಡಿದಾಗ ಸಂಖ್ಯೆ ಸಣ್ಣದಾಗುತ್ತದೆ, ಆಗಲಿ. ಯಾರ ನೆರವೂ ಇಲ್ಲದೆ ಬಿಡಲು ಹೋದವರಲ್ಲಿ ವರ್ಷದ ಹೊತ್ತಿಗೆ ಉಳಿಯುವವರು ನೂರಕ್ಕೆ ಮೂರರಿಂದ ಐವರು. 200ರಲ್ಲಿ ನಾಲ್ಕನೇ ವಾರಕ್ಕೆ 60, ಆರು ತಿಂಗಳಿಗೆ 25 ಜನ ಎಂಬ ಗುರಿ ಇಟ್ಟುಕೊಳ್ಳಿ. ಅದನ್ನು ಮುಟ್ಟಿದರೆ ಒಳ್ಳೆಯ ಕೆಲಸವೇ. ಮತ್ತೆ ಸೇದಿದವರ ಹೆಸರು ಹೊಡೆದುಹಾಕದೆ ಹೊಸ ದಿನಾಂಕ ಕೊಟ್ಟು ಮುಂದುವರಿಸಿ. ಎರಡನೇ, ಮೂರನೇ ಪ್ರಯತ್ನದಲ್ಲಿ ಬಿಡುವವರು ಬಹಳ.

ಬಜೆಟ್ ಬರುವವರೆಗೆ ಯಾರೂ ಕಾಯಬೇಕಿಲ್ಲ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ, ಕ್ವಿಟ್‌ಲೈನ್ 1800-11-2356 ಉಚಿತ, ಬೀಡಿ, ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ, ಮುಂದೆ ಅವರೇ ಕರೆ ಮಾಡಿ ವಿಚಾರಿಸುತ್ತಾರೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಇದ್ದವರು ಮೊದಲು ದಂತ ವೈದ್ಯಕೀಯ ಕಾಲೇಜಿಗೆ ಹೋಗಲಿ. ದಾವಣಗೆರೆಯಲ್ಲಿ ಎರಡು ಇವೆ, ಚಿತ್ರದುರ್ಗದಲ್ಲೂ ಒಂದಿದೆ. ದಂತ ಕಾಲೇಜುಗಳಲ್ಲಿ ತಂಬಾಕು ಬಿಡಿಸುವ ಕೇಂದ್ರಗಳಿಗೆ 2018ರಿಂದ ಕೇಂದ್ರದ ಮಾರ್ಗಸೂಚಿಯೇ ಇದೆ. ತಂಬಾಕಿನ ಜೊತೆ ಕುಡಿತವೂ ಇದ್ದರೆ, ನಿದ್ದೆ ಕೆಟ್ಟಿದ್ದರೆ, ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯ) ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ. ಹೀಗೆ ಕಳಿಸಿದವರ ಹೆಸರನ್ನೂ, ಬಿಟ್ಟ ದಿನಾಂಕವನ್ನೂ ನಿಮ್ಮ ಸಂಘದ ಪುಸ್ತಕದಲ್ಲಿ ಅವರ ಒಪ್ಪಿಗೆ ಪಡೆದು ಈಗಿನಿಂದಲೇ ಬರೆಯಿರಿ. ನವೆಂಬರಿನಲ್ಲಿ ಆಯುಕ್ತರ ಮುಂದೆ ಮನವಿ ಇಡುವಾಗ ಆ ಪುಸ್ತಕದಿಂದ ಹೆಸರು ತೆಗೆದು, ಸಂಖ್ಯೆಗಳನ್ನು ಮಾತ್ರ ಲಗತ್ತಿಸಿ.